ಡಿ ಡ್ರೈವ್‌ನಲ್ಲೂ ಇದೆಯಲ್ಲ, ಸಾಕಲ್ವಾ?

ಪ್ರಶ್ನೆ: ಅಕ್ಕಾ, ಅಪ್ಪಯ್ಯ ಅರ್ಥ ಹೇಳಿದ 40 ತಾಳಮದ್ದಳೆಗಳ ರೆಕಾರ್ಡಿಂಗ್ ನಮ್ಮ ಮನೆ ಕಂಪ್ಯೂಟರಿನಲ್ಲಿದೆ. ಒಂದೊಂದೂ ಸುಮಾರು 4 ತಾಸಿನದು. ಕ್ಯಾಸೆಟ್‌ನಿಂದ ಎಂಪಿ3 ಮಾಡಿಸಿದ್ದು. ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಹೋದವು. ಅಡಿಕೆ ಲೆಕ್ಕವೂ ಅದರಲ್ಲೇ ಇದೆ. ಎಲ್ಲವನ್ನೂ ಡಿ ಡ್ರೈವ್‌ಗೆ ಇನ್ನೊಂದು ಕಾಪಿ ಹಾಕಿಟ್ಟಿದ್ದೇನೆ. ಸಾಕಲ್ವಾ? ಈಚೆಗೆ ಕಂಪ್ಯೂಟರ್ ಒಳಗಿಂದ ಟಕ್ ಟಕ್ ಅಂತ ಶಬ್ದ ಬೇರೆ ಬರುತ್ತಿದೆ.
— ಓದುಗರು, ಶಿರಸಿ ತಾಲೂಕು

ಉತ್ತರ: ಸಾಲದು. ಆದರೆ ಮೊದಲು ಆ ಶಬ್ದದ ಮಾತು. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತಿರುತ್ತದೆ. ಅದಕ್ಕೆ ತಾಗಿಯೂ ತಾಗದ ಹಾಗೆ, ಅದರಲ್ಲಿದ್ದದ್ದನ್ನು ಓದುವ ಹೆಡ್ ಓಡಾಡುತ್ತದೆ. ಟಕ್ ಟಕ್ ಅಂದರೆ ಹೆಚ್ಚಾಗಿ ಆ ಹೆಡ್ ದಾರಿ ಸಿಗದೆ ತಡಕಾಡುತ್ತಿದೆ ಅಂತ. ಇಂಥ ಡಿಸ್ಕ್ ನಾಳೆ ಏಳದೇ ಹೋಗಬಹುದು. ಸ್ಕ್ಯಾನ್, ಡಿಫ್ರಾಗ್ ಏನೂ ಬೇಡ. ಸುಮ್ನೆ ಆನ್ ಆಫ್ ಮಾಡಿ ನೋಡುವುದೂ ಬೇಡ. ಅಪ್ಪಯ್ಯನ ದನಿಯನ್ನು ಮೊದಲು ಹೊರಗೆ ತೆಗೆಯಿರಿ, ಉಳಿದದ್ದು ಆಮೇಲೆ.

ಮನೆ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಅನ್ನುವುದು ಹೆಚ್ಚಾಗಿ ಒಂದೇ ಡಿಸ್ಕಿನ ಎರಡು ಭಾಗ. ಒಂದೇ ಕೋಣೆಗೆ ನಡುವೆ ಗೋಡೆ ಕಟ್ಟಿದ ಹಾಗೆ. ಮಾಡು ಕುಸಿದರೆ ಎರಡೂ ಕಡೆ ಹೋಯಿತು.

ಬ್ಯಾಕಪ್ ಡಿಸ್ಕ್ ಬೇರೆಯೇ ಇದ್ದರೂ ಸದಾ ಸಿಕ್ಕಿಸಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಕುಮಟಾದ ನಮ್ಮ ಮನೆಯಲ್ಲಿ ಒಂದು ಮೇ ತಿಂಗಳ ಸಂಜೆ ಗುಡುಗು ಶುರುವಾದದ್ದೇ ಪ್ಲಗ್ ಕಿತ್ತೆ. ಫೋನ್ ತಂತಿ ಮೋಡೆಮ್‌ನಲ್ಲೇ ಉಳಿಯಿತು. ಸಿಡಿಲು ಆ ದಾರಿಯಲ್ಲಿ ಬಂತು. ಕಂಪ್ಯೂಟರೂ ಸುಟ್ಟಿತು, ಅದಕ್ಕೆ ಸಿಕ್ಕಿಸಿದ್ದ ಡಿಸ್ಕೂ ಸುಟ್ಟಿತು. ಆಯಿ ಹೇಳಿದ 11 ಆರತಿ ಹಾಡುಗಳು ಅದರಲ್ಲಿದ್ದವು. ಹಾಡಿನ ನಡುವೆ ಅವಳ ಬಳೆ ಸದ್ದು, ಹಿಂದೆ ಒಲೆ ಊದುವ ಸದ್ದು. ಈಗ ಉಳಿದದ್ದು ಒಂದೇ ಹಾಡು. ಅದನ್ನು ಹುಬ್ಬಳ್ಳಿಯ ತಂಗಿಗೆ ಕಳಿಸಿದ್ದೆ, ಅವಳ ಹತ್ತಿರ ಇತ್ತು.

ಹಾಗಾಗಿ ಒಟ್ಟು ಮೂರು ಕಡೆ ಇರಲಿ. ಒಂದು ಕಂಪ್ಯೂಟರಿನಲ್ಲಿ, ಅದಕ್ಕೆ ಬೇರೆ ಡಿಸ್ಕ್ ಹಾಕಿಸಿದ ಮೇಲೆ. ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಕಾಪಿ ಆದ ಕೂಡಲೇ ಅದನ್ನು ಕಿತ್ತು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು. ಮೂರನೆಯದು ಬೇರೆ ಊರಿನಲ್ಲಿ. 2019ರ ಆಗಸ್ಟ್‌ನಲ್ಲಿ ಗಂಗಾವಳಿ, ಕಾಳಿ ಉಕ್ಕಿ ಮನೆಗಳಿಗೆ ನುಗ್ಗಿದ್ದು ನೆನಪಿದೆ ಅಲ್ವಾ? ಎಲ್ಲ ಕಾಪಿಯೂ ಒಂದೇ ಮನೆಯಲ್ಲಿದ್ದರೆ ಅಂಥ ದಿನ ಎಷ್ಟಿದ್ದರೇನು?

ಜಾಗವೂ ಜಾಸ್ತಿ ಬೇಡ. ಎಂಪಿ3 ಸಾಮಾನ್ಯ ಗುಣಮಟ್ಟದ್ದಾದರೆ, ಅಂದರೆ 128 ಕೆಬಿಪಿಎಸ್, ತಾಸಿಗೆ 58 ಎಂಬಿ. ನಿಮ್ಮ 40 ಪ್ರಸಂಗವೂ ಸೇರಿ 9 ಜಿಬಿ ಚಿಲ್ಲರೆ. ಆ ಮೂರನೇ ಕಾಪಿ ಗೂಗಲ್ ಡ್ರೈವ್‌ನಲ್ಲಾದರೂ ಆದೀತು, ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲೇ ಹಿಡಿಯುತ್ತದೆ, ಜಿಮೇಲ್ ಮತ್ತು ಫೋಟೋ ಅದನ್ನು ತುಂಬಿಸಿರದಿದ್ದರೆ. ಆದರೆ ಕಂಪ್ಯೂಟರ್ ಜೊತೆ ಸಿಂಕ್ ಮಾಡಿದ್ದರೆ ಹುಷಾರು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನ ಮಾತ್ರ ಇರುತ್ತದೆ.

ತಾಳಮದ್ದಳೆ ಬದಲಾಗುವುದಿಲ್ಲ, ಒಮ್ಮೆ ಸರಿಯಾಗಿ ಕಾಪಿ ಮಾಡಿದರೆ ಆಯಿತು. ಅಡಿಕೆ ಲೆಕ್ಕ ಮಾತ್ರ ವಾರ ವಾರ ಬೇಕು.

ಪರದೆಯ ಮೇಲೆ ಕಾಪಿ ಮುಗಿಯಿತು ಅಂತ ಬಂದರೆ ಅಷ್ಟಕ್ಕೇ ನಂಬಬೇಡಿ. ಆ ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ. ಒಂದೊಂದೇ ಪ್ರಸಂಗ ತೆರೆದು, ಮೂರನೇ ತಾಸಿಗೆ ಎಳೆದು ಕೇಳಿ. ಅಲ್ಲೂ ಅಪ್ಪಯ್ಯನ ಮಾತು ಕಡಿಯದೆ ಬಂದರೆ, ಆಮೇಲೆ ಹಳೇ ಡಿಸ್ಕ್ ಬಿಚ್ಚಿಸಿ.