ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆ ಪೋರ್ಚುಗೀಸರ ಕೈತಪ್ಪಿದ್ದು ಹೇಗೆ?

ಒಮಾನಿನ ಅರಬರು ಮುತ್ತಿಗೆ ಹಾಕಿ ಗೆದ್ದುಕೊಂಡರು. ಸುಲಭದಲ್ಲಿ ಅಲ್ಲ, 1696ರ ಮಾರ್ಚ್‌ನಿಂದ 1698ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಕೆನ್ಯಾದ ಈ ಕೋಟೆಯ ಕೆಲಸ ಶುರುವಾದದ್ದು 1593ರಲ್ಲಿ. ಭಾರತದ ಕಡೆಗಿನ ಹಡಗುದಾರಿಯಲ್ಲಿ ಮೊಂಬಾಸಾ ಬಂದರು ಪೋರ್ಚುಗೀಸರಿಗೆ ಬೇಕೇ ಬೇಕಿತ್ತು. ನಕ್ಷೆ ಇಟಲಿಯ ಜೊವಾನಿ ಬತ್ತಿಸ್ತಾ ಕೈರಾತಿಯದು, ಗೋಡೆ ಹವಳದ ಕಲ್ಲಿನದು. ಮೂಲೆಯ ಕೊತ್ತಲಗಳು ಹೊರಕ್ಕೆ ಚಾಚಿವೆ. ಹಾಗಾಗಿ ಗೋಡೆಯ ಬುಡಕ್ಕೆ ಬಂದವರ ಮೇಲೂ ಪಕ್ಕದಿಂದ ಗುಂಡು ಹಾರಿಸಬಹುದಿತ್ತು.

ಇಂಥ ಕೋಟೆ ಬಿದ್ದದ್ದಕ್ಕೆ ಫಿರಂಗಿಗಿಂತ ರೋಗವೇ ದೊಡ್ಡ ಕಾರಣ ಅನ್ನಿಸುತ್ತದೆ. ಒಳಗಿದ್ದವರು ಕಾಯಿಲೆ ಬಿದ್ದು ಸಾಯುತ್ತಾ ಹೋದರು. ಗೋವಾದಿಂದ ನೆರವಿನ ಹಡಗುಗಳು ಬಂದವು, ಆದರೆ ಸಾಲಲಿಲ್ಲ. ಅವುಗಳಲ್ಲಿ ಒಂದು ಸಾಂತೊ ಆಂತೋನಿಯೊ ದ ತಾನ್ನಾ. ನಮ್ಮ ಮುಂಬೈ ಪಕ್ಕದ ವಸಾಯಿಯಲ್ಲಿ ಕಟ್ಟಿದ ಹಡಗು ಅದು! 1697ರಲ್ಲಿ ಕೋಟೆಯ ಎದುರೇ ಮುಳುಗಿತು. ಕೊನೆಗೆ ಕೋಟೆಯೊಳಗೆ ಉಳಿದವರು ಬೆರಳೆಣಿಕೆಯಷ್ಟು ಜನ.

1728ರಲ್ಲಿ ಪೋರ್ಚುಗೀಸರು ಕೋಟೆಯನ್ನು ಮತ್ತೆ ಪಡೆದರು ನಿಜ, ಮರುವರ್ಷವೇ ಕಳೆದುಕೊಂಡರು. ಮುಂದೆ 1895ರಿಂದ ಬ್ರಿಟಿಷರು ಅದನ್ನು ಜೈಲು ಮಾಡಿಕೊಂಡರು. ಈಗ ಮ್ಯೂಸಿಯಂ. ಯುನೆಸ್ಕೊ ಪಟ್ಟಿಗೆ ಸೇರಿದ್ದು 2011ರಲ್ಲಿ.