ಓದುಗರ ಪ್ರಶ್ನೆ: ವಯಸ್ಸಾದ ಮೇಲೆ ಹುಟ್ಟು ಹಿಡಿದವರಿಗೆ

ಹೋದ ಸಂಚಿಕೆಯಲ್ಲಿ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ನಡೆಸುವ ಕ್ರೀಡೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಐವತ್ತು, ಅರವತ್ತು ದಾಟಿದವರದ್ದು. ನಾನೂ 51ನೇ ವಯಸ್ಸಿಗೆ ಮೊದಲ ಸಲ ಹುಟ್ಟು ಹಿಡಿದವಳು, ಈಗ 63. ಹಾಗಾಗಿ ಈ ಸಲದ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 61 ವರ್ಷ. ಮೂರು ವರ್ಷದಿಂದ ರೋಯಿಂಗ್ ಮಷಿನ್ (ಕೂತು ಹುಟ್ಟಿನಂತೆ ಹ್ಯಾಂಡಲ್ ಎಳೆಯುವ ಯಂತ್ರ) ಮೇಲೆ ಅಭ್ಯಾಸ ಮಾಡುತ್ತಿದ್ದೇನೆ, ವಾರಕ್ಕೊಮ್ಮೆ ನೀರಿಗೂ ಇಳಿಯುತ್ತೇನೆ. ಮೊದಲ ವರ್ಷ 2000 ಮೀಟರಿನ ಸಮಯ ತಿಂಗಳು ತಿಂಗಳೂ ಕಡಿಮೆಯಾಗುತ್ತಿತ್ತು. 8 ನಿಮಿಷ 54 ಸೆಕೆಂಡಿಗೆ ಬಂದು ನಿಂತಿತು. ಈಗ ಅದು 9 ನಿಮಿಷಕ್ಕೆ ಏರಿದೆ. ದಿನಾ ಬೆವರು ಸುರಿಯುವ ತನಕ ಎಳೆಯುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಆದರೂ ಹೀಗೆ. ಈಗೀಗ ಮಷಿನ್ ನೋಡಿದರೇ ಬೇಸರವಾಗುತ್ತದೆ. ಸಾಕು, ಬಿಟ್ಟುಬಿಡಲೇ?

ಉತ್ತರ: ರೋಯಿಂಗ್ ಬಿಡಬೇಡಿ. ಹತ್ತು ದಿನ ಜೋರಾಗಿ ಎಳೆಯೋದನ್ನು ಮಾತ್ರ ಬಿಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಆರು ಸೆಕೆಂಡಿನ ಮೇಲಲ್ಲ, "ದಿನಾ ಬೆವರು ಸುರಿಯುವ ತನಕ" ಅನ್ನೋ ಮಾತಿನ ಮೇಲೆ. ವಯಸ್ಸಾದಂತೆ ಶಕ್ತಿ ಕಡಿಮೆಯಾಗುತ್ತದೆ, ನಿಜ. ಆದರೆ ಅದಕ್ಕಿಂತ ಮೊದಲು ಕೈಕೊಡೋದು ಚೇತರಿಸಿಕೊಳ್ಳುವ ವೇಗ. ಇಪ್ಪತ್ತೈದರಲ್ಲಿ ಒಂದು ರಾತ್ರಿ ಮಲಗಿದರೆ ಹೋಗುತ್ತಿದ್ದ ದಣಿವಿಗೆ ಅರವತ್ತರಲ್ಲಿ ಎರಡು ದಿನ ಬೇಕು, ಕೆಲವೊಮ್ಮೆ ಮೂರು. ನೀವು ಆ ದಿನಗಳನ್ನು ಕೊಡುತ್ತಲೇ ಇಲ್ಲ ಅಲ್ವಾ? ಹೀಗೆ ಪೂರ್ತಿ ಆರದ ದಣಿವು ವಾರಗಟ್ಟಲೆ ಸೇರಿಕೊಂಡಾಗ ಅದು ಮೈನೋವಾಗಿಯೇ ಕಾಣಿಸಿಕೊಳ್ಳಬೇಕೆಂದಿಲ್ಲ, ಎಷ್ಟೋ ಸಲ ಬೇಸರದ ರೂಪದಲ್ಲಿ ಬರುತ್ತದೆ. ನಾವು ಅದನ್ನು ಮನಸ್ಸಿನ ಸೋಮಾರಿತನ ಅಂದುಕೊಂಡು ಇನ್ನೂ ಜೋರಾಗಿ ಎಳೆಯುತ್ತೇವೆ.

ನನಗೆ 57 ಇದ್ದಾಗ ಹೀಗೇ ಆಗಿತ್ತು. ನಿದ್ದೆ ಕೆಟ್ಟಿತ್ತು, ಬೆಳಗ್ಗೆ ಎದ್ದಾಗಿನ ನಾಡಿ ಎಂದಿಗಿಂತ ಏಳೆಂಟು ಬಡಿತ ಜಾಸ್ತಿ ಇರುತ್ತಿತ್ತು. ರೋಯಿಂಗ್ ಮೇಲಿನ ಪ್ರೀತಿಯೇ ಹೋಯಿತು ಅಂದುಕೊಂಡು ತುಂಬ ದುಃಖಪಟ್ಟೆ. ನಮ್ಮ ಕೋಚ್ ಒಂದು ವಾರ ಹುಟ್ಟನ್ನೇ ಮುಟ್ಟಬೇಡಿ ಅಂದರು. ಎಂಟನೇ ದಿನ ಬೆಳಗ್ಗೆ ಯಾರೂ ಎಬ್ಬಿಸದೆ ನಾನೇ ಎದ್ದು ಹೊರಟೆ. ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ.

ಹತ್ತು ದಿನ ಆದ ಮೇಲೆ ವಾರವನ್ನು ಬೇರೆ ಥರ ಹಂಚಿಕೊಳ್ಳಿ. ಹೆಚ್ಚಿನ ದಿನ ನಿಧಾನವಾಗಿ ಎಳೆಯಿರಿ, ನಿಮಿಷಕ್ಕೆ 18ರಿಂದ 20 ಸ್ಟ್ರೋಕ್ (ಒಂದು ಪೂರ್ತಿ ಎಳೆತ ಅಂದರೆ ಒಂದು ಸ್ಟ್ರೋಕ್) ಸಾಕು. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು, ಅದೇ ಅಳತೆ. ವಾರಕ್ಕೆ ಒಂದು ದಿನ, ಮೈ ಚೆನ್ನಾಗಿದ್ದರೆ ಎರಡು ದಿನ, ನಿಜವಾಗಿ ಜೋರಾಗಿ ಎಳೆಯಿರಿ. ಕನಿಷ್ಠ ಒಂದು ದಿನ ಪೂರ್ತಿ ರಜೆ. ನಾವು ಹವ್ಯಾಸಿಗಳು ಮಾಡುವ ದೊಡ್ಡ ತಪ್ಪೆಂದರೆ ದಿನಾ ನಡುಮಧ್ಯದ ವೇಗದಲ್ಲಿ ಎಳೆಯೋದು. ಅದು ಚೇತರಿಸಿಕೊಳ್ಳೋಕೆ ತೀರಾ ಜೋರು, ವೇಗ ಹೆಚ್ಚಿಸೋಕೆ ತೀರಾ ನಿಧಾನ.

ಐರ್ಲೆಂಡಿನ ರಿಚರ್ಡ್ ಮಾರ್ಗನ್ ಅವರ ಬಗ್ಗೆ ಓದಿರಬಹುದು. ಬೇಕರಿಯಲ್ಲಿ ದುಡಿದು ನಿವೃತ್ತರಾದವರು, ಮೊದಲು ಕ್ರೀಡೆಯ ಅಭ್ಯಾಸವೇ ಇರಲಿಲ್ಲ. 73ನೇ ವಯಸ್ಸಿಗೆ ಮಷಿನ್ ಮೇಲೆ ಕೂತರು. ತಮ್ಮ ವಯಸ್ಸಿನ ಗುಂಪಿನಲ್ಲಿ ನಾಲ್ಕು ಸಲ ಇಂಡೋರ್ ರೋಯಿಂಗ್ ವಿಶ್ವ ಚಾಂಪಿಯನ್ ಆದರು. ಅವರಿಗೆ 92 ಆಗಿದ್ದಾಗ ವಿಜ್ಞಾನಿಗಳು ಅವರ ಅಭ್ಯಾಸವನ್ನು ಕೂಲಂಕಷವಾಗಿ ನೋಡಿದರು. ವಾರಕ್ಕೆ ಸುಮಾರು 30 ಕಿಲೋಮೀಟರ್, ದಿನಕ್ಕೆ ಸರಾಸರಿ 40 ನಿಮಿಷ. ಅದರಲ್ಲಿ ನೂರಕ್ಕೆ 70 ಪಾಲು ಸಲೀಸು, 20 ಪಾಲು ಕಷ್ಟ ಆದರೂ ತಡೆದುಕೊಳ್ಳುವಂಥದ್ದು, ಪೂರ್ತಿ ಬಲ ಹಾಕಿ ಎಳೆಯೋದು 10 ಪಾಲು ಮಾತ್ರ. ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಪದಕಗಳಲ್ಲ. ಇಪ್ಪತ್ತು ವರ್ಷ ಬಿಡದೆ ಮಾಡೋಕೆ ಆಗುವಂಥ ಪಾಲು ಅವರಿಗೆ ಸಿಕ್ಕಿತ್ತಲ್ಲ, ಅದು.

ಇನ್ನು ಆ ಆರು ಸೆಕೆಂಡು. ಮಷಿನ್ ಸಮಯದ ಲೆಕ್ಕ ಸ್ವಲ್ಪ ಕಠಿಣ. ವೇಗದ ಮೂರನೇ ಘಾತಕ್ಕೆ ತಕ್ಕಂತೆ ಬಲ ಬೇಕು. 500 ಮೀಟರಿಗೆ 2 ನಿಮಿಷ 30 ಸೆಕೆಂಡಿನ ವೇಗಕ್ಕೆ ಸುಮಾರು 104 ವ್ಯಾಟ್ ಸಾಕು, 2 ನಿಮಿಷದ ವೇಗಕ್ಕೆ 203 ಬೇಕು. ಸಮಯ ಐದನೇ ಒಂದು ಪಾಲು ಇಳಿಸೋಕೆ ಬಲ ಹೆಚ್ಚುಕಡಿಮೆ ಎರಡರಷ್ಟು! ಹಾಗಾಗಿ ಮೊದಲ ವರ್ಷ ಸಮಯ ಸರಸರ ಇಳಿದು ಆಮೇಲೆ ನಿಲ್ಲೋದು ಎಲ್ಲರಿಗೂ ಆಗುವಂಥದ್ದು. ನಿಮ್ಮ ಲೆಕ್ಕ ನೋಡಿದರೆ 147 ವ್ಯಾಟ್ ಇದ್ದದ್ದು 142 ಆಗಿದೆ. ಐದು ವ್ಯಾಟ್. ದಣಿದ ಮೈಯಲ್ಲಿ, ನಿದ್ದೆ ಸಾಲದ ವಾರದಲ್ಲಿ ಇಷ್ಟು ವ್ಯತ್ಯಾಸ ಯಾರಿಗಾದರೂ ಬರುತ್ತದೆ.

ಕೊನೆಗೊಂದು ನನ್ನ ರೂಢಿ ಹೇಳುತ್ತೇನೆ. ಹುಟ್ಟುಹಬ್ಬದ ದಿನ ಹೊಸ ನೋಟ್‌ಬುಕ್ ತೆರೆಯುತ್ತೇನೆ, ಹಳೆಯ ದಾಖಲೆಗಳನ್ನು ಅದಕ್ಕೆ ಇಳಿಸಿಕೊಳ್ಳೋದಿಲ್ಲ. 63ರಲ್ಲಿ ನನ್ನ ಅತ್ಯುತ್ತಮ ಎಷ್ಟು ಅನ್ನೋದಷ್ಟೇ ಅದರಲ್ಲಿರುತ್ತದೆ. ಜೊತೆಗೆ ತಿಂಗಳಿಗೊಮ್ಮೆ ನಿಮಿಷಕ್ಕೆ 20 ಸ್ಟ್ರೋಕ್ ಮೀರದೆ 30 ನಿಮಿಷದಲ್ಲಿ ಎಷ್ಟು ಮೀಟರ್ ಹೋಗುತ್ತೇನೆ ಅಂತ ಬರೆದಿಡುತ್ತೇನೆ. ಇದು ಸ್ಟ್ರೋಕ್ ಎಷ್ಟು ಅಚ್ಚುಕಟ್ಟಾಗಿದೆ ಅನ್ನೋದನ್ನೂ ತೋರಿಸುತ್ತದೆ. ಅಚ್ಚುಕಟ್ಟುತನ ಅರವತ್ತರ ಮೇಲೂ ಹೆಚ್ಚುತ್ತಲೇ ಇರುತ್ತದೆ, ನಾನು ಅನುಭವದಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ಮಷಿನ್ ಪಕ್ಕದಲ್ಲಿರುವ ಲಿವರನ್ನು 10ಕ್ಕೆ ಇಟ್ಟರೆ ಜಾಸ್ತಿ ವ್ಯಾಯಾಮ ಆಗುತ್ತದಾ?

ಉತ್ತರ: ಇಲ್ಲ. ಅದು ನೀವು ಎಳೆದಾಗ ತಿರುಗುವ ಫ್ಯಾನಿನೊಳಗೆ ಹೋಗುವ ಗಾಳಿ ಎಷ್ಟು ಅನ್ನೋದನ್ನು ನಿಗದಿ ಮಾಡುತ್ತದೆ ಅಷ್ಟೆ, ಸೈಕಲ್ಲಿನ ಗೇರ್ ಇದ್ದ ಹಾಗೆ. ನೀವು ಎಷ್ಟು ಬಲವಾಗಿ ಎಳೆಯುತ್ತೀರೋ ಅಷ್ಟೇ ವ್ಯಾಯಾಮ. 10ರಲ್ಲಿ ಪ್ರತಿ ಸ್ಟ್ರೋಕೂ ಭಾರವಾಗಿ ಬೆನ್ನಿಗೆ ಹೊಡೆತ ಬೀಳುತ್ತದೆ. 3ರಿಂದ 5ರ ಒಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಾನು 66 ವರ್ಷದ ಮಹಿಳೆ. ಎಂಟು ತಿಂಗಳಿಂದ ಮನೆಯಲ್ಲೇ ಮಷಿನ್ ಮೇಲೆ ಎಳೆಯುತ್ತಿದ್ದೇನೆ, ತುಂಬ ಇಷ್ಟವಾಗಿದೆ. ಗೆಳತಿ ನೀರಿಗೆ ಬಾ ಅಂತ ಕರೆಯುತ್ತಿದ್ದಾಳೆ. ದೋಣಿ ಮಗುಚಿದರೆ ಅನ್ನೋ ಭಯ. ಚಿಕ್ಕವರ ನಡುವೆ ನಾನೊಬ್ಬಳು ಭಾರವಾಗುತ್ತೇನೇನೋ ಅನ್ನೋ ಸಂಕೋಚ ಬೇರೆ.

ಉತ್ತರ: ಮೊದಲು ಸಂಕೋಚದ ಮಾತು. ಮಾಸ್ಟರ್ಸ್ ರೋಯಿಂಗ್ ಅಂತ ಒಂದು ಇಡೀ ಲೋಕವೇ ಇದೆ. ವಿಶ್ವ ರೋಯಿಂಗ್ ಸಂಸ್ಥೆಯ ನಿಯಮದ ಪ್ರಕಾರ ಅದು 27ಕ್ಕೇ ಶುರುವಾಗುತ್ತದೆ. ಅಲ್ಲಿಂದ ಮುಂದೆ ವಯಸ್ಸಿಗೆ ತಕ್ಕಂತೆ ಗುಂಪುಗಳಿವೆ. 55ರಿಂದ ಇ, 60ರಿಂದ ಎಫ್, 65ರಿಂದ ಜಿ, ಹೀಗೆ 80 ದಾಟಿದವರಿಗೂ ಇದೆ. ಓಟ 2000 ಮೀಟರ್ ಅಲ್ಲ, 1000 ಮೀಟರ್. ಹಲವರು ಸೇರಿ ನಡೆಸುವ ದೋಣಿಯಾದರೆ ಎಲ್ಲರ ಸರಾಸರಿ ವಯಸ್ಸು ನೋಡಿ ಗುಂಪು ನಿಗದಿ ಮಾಡುತ್ತಾರೆ. ಅಂದರೆ ನಿಮ್ಮ 66 ಆ ದೋಣಿಯ ಸರಾಸರಿಯನ್ನು ಮೇಲಕ್ಕೆ ಒಯ್ಯುತ್ತದೆ, ತಂಡಕ್ಕೆ ಅದರಿಂದ ಅನುಕೂಲವೇ. ನೀವು ಭಾರ ಅಲ್ಲ.

ಭಯ ಇರಬೇಕಾದದ್ದೇ. ಒಬ್ಬರೇ ನಡೆಸುವ ರೇಸಿಂಗ್ ದೋಣಿ ಎಂಟು ಮೀಟರ್ ಉದ್ದ, ಅಗಲ ಒಂದು ಅಡಿಯಷ್ಟೇ, ತೂಕ 14 ಕಿಲೋದಷ್ಟು. ಅದರಲ್ಲಿ ಯಾರೂ ಮೊದಲ ದಿನವೇ ಕೂರಬಾರದು. ನಾಲ್ಕು ಜನ ಕೂರುವ, ಒಬ್ಬೊಬ್ಬರಿಗೆ ಎರಡೆರಡು ಹುಟ್ಟು ಇರುವ ದೋಣಿಯಲ್ಲಿ ಶುರು ಮಾಡಿಸಿ ಅಂತ ಕೇಳಿ, ಇಲ್ಲವೇ ಅಗಲ ತಳದ ಕಲಿಕೆಯ ದೋಣಿ ಕೊಡಿ ಅನ್ನಿ. ಒಂದು ವಿಷಯ ಮಾತ್ರ ತಲೆಯಲ್ಲಿಟ್ಟುಕೊಳ್ಳಿ: ದೋಣಿಯನ್ನು ನೆಟ್ಟಗೆ ನಿಲ್ಲಿಸೋದು ಆ ಎರಡು ಹುಟ್ಟುಗಳೇ. ದೊಂಬರಾಟದವರ ಕೈಯಲ್ಲಿನ ಉದ್ದ ಕೋಲಿದ್ದ ಹಾಗೆ. ಏನೇ ಆದರೂ ಹಿಡಿಗಳನ್ನು ಬಿಡಬೇಡಿ, ಎರಡನ್ನೂ ಒಟ್ಟಿಗೆ ಒಂದೇ ಎತ್ತರದಲ್ಲಿ ಹಿಡಿದು ಸುಮ್ನೆ ಕೂತರೆ ದೋಣಿ ತಾನಾಗಿ ಸ್ಥಿರವಾಗುತ್ತದೆ.

ಈಜು ಬರಲೇಬೇಕು. ಬರದಿದ್ದರೆ ಮೊದಲು ಅದನ್ನು ಕಲಿಯಿರಿ, ಆಮೇಲೆ ದೋಣಿ. ನೀರು ತಣ್ಣಗಿರುವ ಕಾಲದಲ್ಲಿ ಒಬ್ಬರೇ ಹೋಗಬೇಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ತಣ್ಣೀರಿಗೆ ತಟ್ಟನೆ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗೋದಿಲ್ಲ, ಒಳ್ಳೆಯ ಈಜುಗಾರರಿಗೂ. ಬೇಕೆಂದೇ ಮಗುಚಿ ಮತ್ತೆ ಹತ್ತುವ ಅಭ್ಯಾಸವನ್ನು ಕೋಚ್ ಎದುರಿನಲ್ಲಿ ಒಮ್ಮೆ ಮಾಡಿಬಿಡಿ. ಅದಾದ ಮೇಲೆ ಭಯ ಅರ್ಧಕ್ಕರ್ಧ ಇಳಿಯುತ್ತದೆ.

ಯಾರೂ ಮೊದಲೇ ಹೇಳದ ಒಂದು ಕಷ್ಟವೂ ಇದೆ. ದೋಣಿಯ ಸೀಟು ತೀರಾ ತಗ್ಗು. ಎಳೆಯೋದಕ್ಕಿಂತ ಅದರೊಳಗೆ ಕೂರೋದು, ಎದ್ದು ಬರೋದೇ ನಮ್ಮ ಮಂಡಿಗಳಿಗೆ ಜಾಸ್ತಿ ಕಷ್ಟ. ಈಗಿಂದಲೇ ಮನೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಒಂದೇ ಕಾಲಿಗೆ ಭಾರ ಕೊಟ್ಟು ಏಳೋದನ್ನು ರೂಢಿ ಮಾಡಿಕೊಳ್ಳಿ. ಮೊದಮೊದಲು ಯಾವುದಾದರೂ ಆಸರೆ ಹಿಡಿದುಕೊಂಡೇ ಏಳಿ.

ಖಂಡಿತ ಹೋಗಿ. ಮನೆಯಲ್ಲಿ ಒಬ್ಬರೇ ಎಳೆಯುವಾಗ ಇವತ್ತು ಬೇಡ ಅನ್ನಿಸಿದರೆ ತಡೆಯುವವರಿಲ್ಲ. ನಾಲ್ಕು ಜನರ ದೋಣಿಯಲ್ಲಿ ನೀವು ಹೋಗದಿದ್ದರೆ ಮೂರು ಜನ ದಡದಲ್ಲೇ ನಿಲ್ಲಬೇಕಾಗುತ್ತದೆ. ನನ್ನನ್ನು ಹನ್ನೆರಡು ವರ್ಷ ಹಾಸಿಗೆಯಿಂದ ಎಬ್ಬಿಸಿದ್ದು ಇದೇ.

ಪ್ರಶ್ನೆ: ವಯಸ್ಸು 58. ಅರ್ಧ ಗಂಟೆ ಎಳೆದ ಮೇಲೆ ಸೊಂಟ ಹಿಡಿದುಕೊಳ್ಳುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತೇನೆ. 220ರಲ್ಲಿ ವಯಸ್ಸು ಕಳೆದು ಬರುವ ಗರಿಷ್ಠ ಹೃದಯ ಬಡಿತಕ್ಕೆ ಎಷ್ಟು ಎಳೆದರೂ ತಲುಪುತ್ತಿಲ್ಲ. ಯಾಕೆ?

ಉತ್ತರ: ಆ ಮಾತ್ರೆಯ ಕೆಲಸವೇ ಬಡಿತ ಇಳಿಸೋದು. ಹಾಗಾಗಿ ಆ ಸೂತ್ರ ನಿಮಗೆ ಹೊಂದೋದಿಲ್ಲ, ದಯವಿಟ್ಟು ಸೂತ್ರದ ಆ ಬಡಿತವನ್ನು ತಲುಪೋಕೆ ಹೋಗಬೇಡಿ. ಮಾತ್ರೆ ತೆಗೆದುಕೊಳ್ಳದವರಿಗೂ ಅದು ಬರೀ ಅಂದಾಜು. ಮೇಲೆ ಹೇಳಿದ ಮಾರ್ಗನ್ ಅವರಿಗೆ ಸೂತ್ರದ ಪ್ರಕಾರ 128 ಬರಬೇಕಿತ್ತು, ಪರೀಕ್ಷೆಯಲ್ಲಿ 153 ಬಂತು. ನಿಮಗೆ ಮಾತಿನ ಅಳತೆಯೇ ಸರಿ. ಎಷ್ಟು ಜೋರಾಗಿ ಎಳೆಯಬಹುದು ಅಂತ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ. ಎದೆ ಬಿಗಿತ, ತಲೆಸುತ್ತು, ತಾಳ ತಪ್ಪಿದ ಬಡಿತ, ಇದರಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ, ತಡ ಮಾಡದೆ ತೋರಿಸಿ.

ಸೊಂಟಕ್ಕೆ ಬಂದರೆ, ರೋಯಿಂಗ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ನೋವು ಅದೇ. ಯಾರಿಗಾದರೂ ಹೇಳಿ ಪಕ್ಕದಿಂದ ವಿಡಿಯೋ ತೆಗೆಸಿ ನೋಡಿ. ಎಳೆಯುವಾಗ ಮೊದಲು ಕಾಲು, ಆಮೇಲೆ ಮೈ, ಕೊನೆಗೆ ತೋಳು. ವಾಪಸ್ ಬರುವಾಗ ಮೊದಲು ತೋಳು, ಆಮೇಲೆ ಮೈ, ಕೊನೆಗೆ ಮಂಡಿ. ದಣಿದಾಗ ಈ ಕ್ರಮ ತಪ್ಪುತ್ತದೆ. ಮೈ ಮುಂದಕ್ಕೆ ಬಾಗುವ ಮೊದಲೇ ಮಂಡಿ ಮಡಚಿಬಿಡುತ್ತೇವೆ, ಕೊನೆ ಗಳಿಗೆಯಲ್ಲಿ ಬೆನ್ನು ಗೂನು ಮಾಡಿ ಹ್ಯಾಂಡಲ್ಲಿಗೆ ಮುಂದೆ ಚಾಚುತ್ತೇವೆ. ಬಾಗೋದು ತೊಡೆಸಂದಿನಿಂದ ಆಗಬೇಕು. ಅಷ್ಟು ಮುಂದೆ ಹೋಗೋಕೆ ಆಗದಿದ್ದರೆ ಬೇಡ, ಸ್ಟ್ರೋಕ್ ಸ್ವಲ್ಪ ಗಿಡ್ಡವಾದರೂ ತೊಂದರೆಯಿಲ್ಲ. ಅರ್ಧ ಗಂಟೆಯನ್ನು ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡು ನಡುವೆ ಎದ್ದು ಓಡಾಡಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ಅಭ್ಯಾಸ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಪಕ್ಕೆಲುಬಿನ ಒಂದೇ ಜಾಗದಲ್ಲಿ, ದೀರ್ಘ ಉಸಿರೆಳೆದಾಗ ಚುಚ್ಚುವ ನೋವು ಬಂದರೂ ಹಾಗೇ ಮಾಡಿ. ರೋಯಿಂಗ್ ಮಾಡುವವರಿಗೆ ಅಲ್ಲಿ ಸಣ್ಣ ಬಿರುಕು ಬೀಳೋದುಂಟು.

ಪ್ರಶ್ನೆ: ರೋಯಿಂಗ್ ಇಡೀ ಮೈಗೆ ವ್ಯಾಯಾಮ ಅನ್ನುತ್ತಾರೆ. ಮತ್ತೆ ತೂಕ ಎತ್ತುವ ಅಗತ್ಯ ಇದೆಯಾ?

ಉತ್ತರ: ಇದೆ. ರೋಯಿಂಗ್ ಕೂತು ಮಾಡುವಂಥದ್ದು. ಮೂಳೆಗೆ, ಸಮತೋಲಕ್ಕೆ ಬೇಕಾದದ್ದೆಲ್ಲ ಅದರಿಂದ ಸಿಗೋದಿಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮಾರ್ಗನ್ ಅವರೂ ವಾರಕ್ಕೆ ಎರಡು ಮೂರು ದಿನ ಡಂಬೆಲ್ ಹಿಡಿಯುತ್ತಿದ್ದರು. ಊಟದಲ್ಲಿ ಪ್ರೋಟೀನ್ ಕಡಿಮೆಯಾಗದಂತೆ ನೋಡಿಕೊಳ್ಳಿ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಮಿಗಿಂತ ಕಡಿಮೆ ಬೇಡ.

ಪ್ರಶ್ನೆ: ಹದಿನಾಲ್ಕು ವರ್ಷದಿಂದ ನಾನೂ ನನ್ನ ಗೆಳೆಯನೂ ಇಬ್ಬರ ದೋಣಿ ನಡೆಸುತ್ತಿದ್ದೆವು. ಅವನಿಗೆ 69, ನನಗೆ 67. ಎರಡು ತಿಂಗಳ ಹಿಂದೆ ಅವನಿಗೆ ಹೃದಯದ ಆಪರೇಷನ್ ಆಯಿತು. ಹುಷಾರಾಗಿದ್ದಾನೆ, ಆದರೆ ಹುಟ್ಟು ಹಿಡಿಯೋಕೆ ಇನ್ನೂ ಎಷ್ಟು ದಿನವೋ. ಒಬ್ಬನೇ ಹೋಗೋಕೆ ನನಗೆ ಮನಸ್ಸಾಗುತ್ತಿಲ್ಲ. ಬೇರೆಯವರ ಜೊತೆ ಹೋದರೆ ಅವನಿಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ.

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇದು ದಣಿವಿನಿಂದ ಬಂದ ಬೇಸರವಲ್ಲ, ಹಾಗಾಗಿ ಮೊದಲು ಬರೆದದ್ದು ಯಾವುದೂ ನಿಮಗೆ ಅನ್ವಯಿಸೋದಿಲ್ಲ. ಬೆನ್ನ ಹಿಂದಿನ ಉಸಿರಿನ ಸದ್ದು ಕೇಳಿಯೇ ಜೊತೆಗಾರ ಹೇಗಿದ್ದಾನೆ ಅಂತ ತಿಳಿದುಕೊಳ್ಳುವಷ್ಟು ವರ್ಷ ಒಟ್ಟಿಗೆ ಎಳೆದವರು ನೀವು. ಆ ಜಾಗ ಖಾಲಿಯಾದರೆ ನೋವಾಗದೆ ಇರುತ್ತದಾ?

ಒಬ್ಬರ ದೋಣಿಗೆ ನಿಮ್ಮನ್ನು ನೀವು ಒತ್ತಾಯಿಸಿಕೊಳ್ಳಬೇಡಿ. ಬೇರೆ ತಂಡದ ನಾಲ್ಕು ಜನರ ದೋಣಿಯಲ್ಲಿ ಯಾರಾದರೂ ಬರದ ದಿನ ಒಂದು ಸೀಟು ಕೇಳಿ. ಅದು ಗೆಳೆಯನ ಜಾಗಕ್ಕೆ ಬೇರೆಯವರನ್ನು ತಂದ ಹಾಗಾಗೋದಿಲ್ಲ, ನಿಮ್ಮ ಕಾಲು ತೋಳಿನ ಕಸುವು ಮಾತ್ರ ಉಳಿಯುತ್ತದೆ. ನಿಮ್ಮ ಗೆಳೆಯ ವಾಪಸ್ ಬರೋದು ನಿಧಾನ. ಮೊದಲು ಡಾಕ್ಟರ ನಿಗಾದಲ್ಲಿ ನಡಿಗೆ, ಆಮೇಲೆ ಎದೆ ಮೂಳೆ ಕೂಡಿದೆ ಅಂತ ಅವರು ಹೇಳಿದ ಮೇಲಷ್ಟೇ ಮಷಿನ್, ಆಮೇಲೆ ನೀರು. ಆಗ ದೋಣಿಯ ಹೆಚ್ಚಿನ ಬಲ ನೀವೇ ಹಾಕಬೇಕಾಗುತ್ತದೆ. ಅದಕ್ಕಾದರೂ ನೀವು ಗಟ್ಟಿಯಾಗಿರಬೇಕು.

ಅಲ್ಲಿಯ ತನಕ ಅವರನ್ನು ಮನೆಯಲ್ಲೇ ಕೂರಿಸಬೇಡಿ. ಡಾಕ್ಟರ್ ಓಡಾಡಬಹುದು ಅಂದಿದ್ದರೆ ಈ ಭಾನುವಾರವೇ ದಡಕ್ಕೆ ಕರೆದುಕೊಂಡು ಹೋಗಿ, ಒಂದು ಕುರ್ಚಿ ಹಾಕಿ, ಸ್ಟಾಪ್‌ವಾಚ್ ಅವರ ಕೈಗೆ ಕೊಡಿ. ದೋಣಿ ಎತ್ತೋದು ಬೇಡ.