ಅಪ್ಪ-ಅಮ್ಮನ ಜೊತೆ ಮೊದಲ ಫಾರಿನ್ ಟ್ರಿಪ್: ಪ್ಯಾಕೇಜಾ, ನಾವೇ ಬುಕ್ ಮಾಡೋದಾ?

ಹುಬ್ಬಳ್ಳಿಯಿಂದ ಹೊರಟು ಏಳು ದಿನದಲ್ಲಿ ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಮೂರೂ ಆಗಬೇಕು, ಜೊತೆಗೆ ಅರವತ್ತೈದು ದಾಟಿದ ಅಪ್ಪ-ಅಮ್ಮ, ಪ್ಯಾಕೇಜ್ ಅಗ್ಗವೋ ನಾವೇ ಬುಕ್ ಮಾಡಿದರೆ ಅಗ್ಗವೋ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ 2024ರ ಮೇ ತಿಂಗಳು ಕಣ್ಣ ಮುಂದೆ ಬಂತು. ನಾನೂ ಹೀಗೇ ಅಗ್ಗದ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ಗದಗ. ನಾನು ಹೈಸ್ಕೂಲ್ ಟೀಚರ್, ಬೇಸಿಗೆ ರಜೆ ಬಿಟ್ಟರೆ ಬೇರೆ ಟೈಮ್ ಸಿಗಲ್ಲ. ಅಪ್ಪ ಬೆಟಗೇರಿಯಲ್ಲಿ ನಲವತ್ತು ವರ್ಷ ಕೈಮಗ್ಗದ ಮುಂದೆ ಕೂತವರು. ಅವರನ್ನೂ ಅವ್ವನನ್ನೂ ಒಮ್ಮೆ ವಿಮಾನ ಹತ್ತಿಸಬೇಕು, ಹೊರದೇಶ ತೋರಿಸಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ನಾನು, ಮನೆಯವರು, ಮಗ, ಅಪ್ಪ, ಅವ್ವ, ಒಟ್ಟು ಐದು ಜನ. ಆರು ದಿನದಲ್ಲಿ ಕೌಲಾಲಂಪುರ, ಪೆನಾಂಗ್, ಸಿಂಗಾಪುರ. ನಾಲ್ಕು ತಿಂಗಳು ಮೊದಲೇ ತಯಾರಿ ಶುರು ಮಾಡಿದ್ದೆ. ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಪುಟ. ಎಲ್ಲಿ ಊಟ, ಯಾವ ಬಸ್ಸು, ಎಲ್ಲ ಬರೆದಿದ್ದೆ.

ಎಡವಿದ್ದು ಟಿಕೆಟ್‌ನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಭಾಗದವರಿಗೆ ಈ ತಪ್ಪು ಆಗೋದು ಬಹಳ ಸುಲಭ. ಹುಬ್ಬಳ್ಳಿ ಏರ್‌ಪೋರ್ಟ್‌ನಿಂದ ನೇರ ವಿದೇಶಿ ವಿಮಾನ ಇರಲಿಲ್ಲ. ಬೆಂಗಳೂರಿಗೋ ಮುಂಬೈಗೋ ಹೋಗಿಯೇ ಹತ್ತಬೇಕಿತ್ತು. ನನಗೆ ಎರಡು ದಾರಿ ಕಂಡವು. ಒಂದು, ಹುಬ್ಬಳ್ಳಿಯಿಂದ ಕೌಲಾಲಂಪುರದವರೆಗೂ ಒಂದೇ ಟಿಕೆಟ್, ಒಂದೇ ಪಿಎನ್‌ಆರ್, ನಡುವೆ ವಿಮಾನ ಬದಲು. ಇನ್ನೊಂದು, ಬೆಂಗಳೂರಿನ ತನಕ ಒಂದು ಕಂಪನಿಯ ಟಿಕೆಟ್, ಅಲ್ಲಿಂದ ಮುಂದಕ್ಕೆ ಮತ್ತೊಂದು ಕಂಪನಿಯ ಟಿಕೆಟ್. ಎರಡನೆಯದರಲ್ಲಿ ತಲೆಗೆ 1,900 ರೂಪಾಯಿ ಕಡಿಮೆ. ಐದು ಜನಕ್ಕೆ 9,500. ಎರಡು ದಿನದ ಹೋಟೆಲ್ ಖರ್ಚು ಬಂತಲ್ಲ ಅಂತ ಖುಷಿಯಿಂದ ಬುಕ್ ಮಾಡಿದೆ.

ಹುಬ್ಬಳ್ಳಿಯಿಂದ ಸಂಜೆ 6:20ಕ್ಕೆ ಹೊರಟು 7:30ರ ಸುಮಾರಿಗೆ ಬೆಂಗಳೂರು. ಕೌಲಾಲಂಪುರದ ವಿಮಾನ ರಾತ್ರಿ 11:55ಕ್ಕೆ. ನಡುವೆ ನಾಲ್ಕು ಗಂಟೆಗೂ ಜಾಸ್ತಿ ಟೈಮ್ ಇದೆ, ಸಾಕಲ್ವಾ ಅಂದುಕೊಂಡೆ.

ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗು ಮಳೆ ಬರೋದು ಹೊಸದೇನಲ್ಲ. ಅವತ್ತೂ ಬಂತು. ಅಲ್ಲಿ ವಿಮಾನ ಇಳಿಯೋಕೆ ಆಗುತ್ತಿಲ್ಲ ಅಂತ ನಮ್ಮನ್ನು ಹುಬ್ಬಳ್ಳಿಯಲ್ಲೇ ಕೂರಿಸಿದರು. ಗೋಕುಲ ರೋಡಿನ ಆ ಏರ್‌ಪೋರ್ಟ್‌ನಲ್ಲಿ ಆಕಾಶ ನಿಚ್ಚಳವಾಗಿತ್ತು. ನಮ್ಮ ವಿಮಾನ ಎದ್ದದ್ದು 8:50ಕ್ಕೆ. ಬೆಂಗಳೂರಿನ ಮೇಲೆ ಸುತ್ತು ಹೊಡೆದು ಇಳಿದದ್ದು 10:15ಕ್ಕೆ, ಅದೂ ಟರ್ಮಿನಲ್ 1ರಲ್ಲಿ. 2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ವಿದೇಶಿ ವಿಮಾನಗಳು ಹೊರಡೋದು ಟರ್ಮಿನಲ್ 2ರಿಂದ. ಬೇರೆ ಬೇರೆ ಟಿಕೆಟ್ ಆದ್ದರಿಂದ ಲಗೇಜ್ ತಾನಾಗಿ ಮುಂದಕ್ಕೆ ಹೋಗಲ್ಲ. ಬೆಲ್ಟ್ ಹತ್ತಿರ ನಿಂತು ಐದು ಬ್ಯಾಗ್ ಇಳಿಸಿಕೊಂಡು, ಹೊರಗೆ ಬಂದು, ಬಸ್ ಹತ್ತಿ, ಆ ಟರ್ಮಿನಲ್‌ಗೆ ಹೋಗಿ ಮತ್ತೆ ಚೆಕ್-ಇನ್ ಮಾಡಬೇಕು. ಅಪ್ಪನಿಗೆ ಓಡೋಕೆ ಆಗಲ್ಲ. ಅವ್ವನಿಗೆ ಮಂಡಿ ನೋವು. ಕೌಂಟರ್ ಮುಟ್ಟಿದಾಗ 11:10. ಚೆಕ್-ಇನ್ 10:55ಕ್ಕೇ ಮುಗಿದಿತ್ತು.

ಕೌಂಟರಿನ ಮೇಲಿನ ಪರದೆಯಲ್ಲಿ ಆಗಲೇ ಬೇರೆ ಊರಿನ ಹೆಸರು ಬಂದಿತ್ತು. ವಿಮಾನ ಇನ್ನೂ ನೆಲದ ಮೇಲೇ ಇದೆ, ನಾವು ಇಲ್ಲೇ ನಿಂತಿದ್ದೇವೆ, ಆದರೂ ಹತ್ತೋ ಹಾಗಿಲ್ಲ. ಅವ್ವ ಖಡಕ್ ರೊಟ್ಟಿ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಟ್ರಾಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಾನು ಅಳೋದು ನೋಡಿ, "ಹೋಗ್ಲಿ ಬಿಡವಾ, ಎಲ್ಲಾರೂ ಕೂಡೇ ಅದೀವಲ್ಲ" ಅಂದಳು. ಆ ಮಾತು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಇಲ್ಲಿ ಗಮನವಿಟ್ಟು ಓದಿ. ಒಂದೇ ಪಿಎನ್‌ಆರ್ ಇದ್ದಿದ್ದರೆ, ಮೊದಲ ವಿಮಾನ ತಡವಾದಾಗ ನಮ್ಮನ್ನು ಮುಂದಿನ ವಿಮಾನಕ್ಕೆ ಹಾಕುವ ಜವಾಬ್ದಾರಿ ವಿಮಾನ ಕಂಪನಿಯದಾಗುತ್ತಿತ್ತು. ಎರಡು ಪಿಎನ್‌ಆರ್ ಇದ್ದರೆ ಒಬ್ಬರ ತಡಕ್ಕೂ ಇನ್ನೊಬ್ಬರಿಗೂ ಸಂಬಂಧವೇ ಇಲ್ಲ. ಮೊದಲ ಕಂಪನಿ ನಮ್ಮನ್ನು ಬೆಂಗಳೂರಿಗೆ ತಲುಪಿಸಿತು, ಅವರ ಕೆಲಸ ಮುಗಿಯಿತು. ಎರಡನೇ ಕಂಪನಿಯ ಲೆಕ್ಕದಲ್ಲಿ ನಾವು ಬರಲೇ ಇಲ್ಲ, ಅಂದರೆ ನೋ-ಶೋ. ಅದಕ್ಕಿಂತ ದೊಡ್ಡ ಹೊಡೆತ ಏನಂದ್ರೆ, ನಮ್ಮ ಟಿಕೆಟ್‌ನಲ್ಲಿ ಹೋಗುವ ವಿಮಾನ ತಪ್ಪಿಸಿದರೆ ವಾಪಸ್ ಬರುವ ವಿಮಾನವೂ ತಾನಾಗಿ ರದ್ದು. ಹೀಗೆ ಐದು ಜನರ ಹೋಗಿಬರುವ ಟಿಕೆಟ್ 1,12,000 ರೂಪಾಯಿ ಒಂದೇ ಏಟಿಗೆ ಹೋಯಿತು. ಎರಡು ದಿನ ಬಿಟ್ಟು ಹೊಸದಾಗಿ ತೆಗೆಸಿದ್ದಕ್ಕೆ 1,38,000. 9,500 ಉಳಿಸೋಕೆ ಹೋಗಿ ಇಷ್ಟು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆ. ಒಂದೇ ಟಿಕೆಟ್ ಒಳಗಿನ ಕನೆಕ್ಷನ್ ತಪ್ಪಿದರೆ ಮಾತ್ರ ಕೊಡುತ್ತೇವೆ ಅಂತ ಆ ಪಾಲಿಸಿಯಲ್ಲಿ ಬರೆದಿತ್ತು.

ಇನ್ನೂ ಒಂದಿದೆ, ಇದೇ ನನಗೆ ಜಾಸ್ತಿ ಸಂಕಟ. ಹುಬ್ಬಳ್ಳಿಯಲ್ಲಿ ಎರಡು ಗಂಟೆ ಸುಮ್ನೆ ಕೂತಿದ್ದೆನಲ್ಲ, ಆಗಲೇ ಎರಡನೇ ಕಂಪನಿಗೆ ಫೋನ್ ಮಾಡಿ "ನಮಗೆ ಬರೋಕಾಗಲ್ಲ, ತಾರೀಕು ಬದಲಿಸಿ" ಅಂದಿದ್ದರೆ ತಲೆಗೆ 3,500 ರೂಪಾಯಿ ದಂಡ, ಜೊತೆಗೆ ದರದ ವ್ಯತ್ಯಾಸ ಕಟ್ಟಿ ಟಿಕೆಟ್ ಉಳಿಸಿಕೊಳ್ಳಬಹುದಿತ್ತು. ವಾಪಸ್ ಟಿಕೆಟ್ಟೂ ಉಳಿಯುತ್ತಿತ್ತು. ನಾನು ಮಾಡಲಿಲ್ಲ. ಇನ್ನೇನು ಹೊರಡುತ್ತದೆ, ಹೇಗಾದರೂ ಮುಟ್ಟುತ್ತೇವೆ ಅಂತ ಬೋರ್ಡ್ ನೋಡುತ್ತಾ ಕೂತೆ. ವಿಮಾನ ಹೊರಡುವ ಮೊದಲು ಹೇಳಿದರೆ ನೀವು ತಾರೀಕು ಬದಲಿಸಿದ ಗಿರಾಕಿ. ಹೇಳದೆ ಇದ್ದರೆ ನೋ-ಶೋ. ಒಂದು ಫೋನ್ ಕರೆಯ ಅಂತರ.

ಹಾಗೇನಾದರೂ ಆಗಿಹೋದರೆ ತೆರಿಗೆ, ಏರ್‌ಪೋರ್ಟ್ ಶುಲ್ಕವನ್ನಾದರೂ ವಾಪಸ್ ಕೇಳಿ. ಪ್ರಯಾಣ ಮಾಡದಿದ್ದರೂ ಅದನ್ನು ಹಿಂತಿರುಗಿಸಬೇಕು ಅಂತ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿಜಿಸಿಎಯ ನಿಯಮ ಇದೆ. ನಾನು ಮೇಲ್ ಮಾಡಿ ಬೆನ್ನು ಹತ್ತಿದ ಮೇಲೆ ಸುಮಾರು 11,000 ಬಂತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ಯಾಕೇಜಾ ಸ್ವಂತವಾ ಅನ್ನೋದು ಆಮೇಲಿನ ಮಾತು. ಏಳು ದಿನಕ್ಕೆ ಮೂರು ದೇಶ ಅನ್ನೋದನ್ನೇ ಮೊದಲು ಬಿಡಿ. ಅಪ್ಪ-ಅಮ್ಮನ ಜೊತೆ ಬೇಡವೇ ಬೇಡ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗೋದು ಅಂದರೆ ಬೆಳಗ್ಗೆ ಬ್ಯಾಗ್ ಕಟ್ಟು, ರೂಮ್ ಖಾಲಿ ಮಾಡು, ಮೂರು ಗಂಟೆ ಮೊದಲು ಏರ್‌ಪೋರ್ಟ್, ಮತ್ತೆ ಇಮಿಗ್ರೇಷನ್ ಸಾಲು. ಒಂದು ದಿನ ಪೂರ್ತಿ ಹೋಯಿತು. ಮೂರು ದೇಶ ಅಂದರೆ ಏಳರಲ್ಲಿ ನಾಲ್ಕು ದಿನ ನೀವು ಸಾಲಿನಲ್ಲೇ ಇರುತ್ತೀರಿ.

ಇದು ನನಗೆ ಗೊತ್ತಾದದ್ದೂ ಆ ನಷ್ಟದಿಂದಲೇ. ದುಡ್ಡೂ ದಿನವೂ ಕಡಿಮೆಯಾಗಿ ಪೆನಾಂಗ್, ಸಿಂಗಾಪುರ ಎರಡನ್ನೂ ಕೈಬಿಟ್ಟೆ. ಸಿಂಗಾಪುರದ ವೀಸಾ ದುಡ್ಡು ಹೋಯಿತು. ಉಳಿದ ನಾಲ್ಕು ದಿನ ಕೌಲಾಲಂಪುರದ ಒಂದೇ ಹೋಟೆಲ್‌ನಲ್ಲಿ ಇದ್ದೆವು. ಕೆಎಲ್ ಸೆಂಟ್ರಲ್ ಸ್ಟೇಷನ್ ಹತ್ತಿರ ಬ್ರಿಕ್‌ಫೀಲ್ಡ್ಸ್ ಅಂತ ಏರಿಯಾ, ಅಲ್ಲಿ ಬಾಳೆ ಎಲೆ ಊಟ ಸಿಗುತ್ತದೆ. ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿ ಜಾಗ ನನಗೆ ಸಿಗಲಿಲ್ಲ. ಅದೇ ಸ್ಟೇಷನ್‌ನಿಂದ ಲೋಕಲ್ ಟ್ರೈನ್ ಬಾಟು ಗುಹೆಯ ಹತ್ತಿರವೇ ಬಿಡುತ್ತದೆ. ಅಲ್ಲಿ 272 ಮೆಟ್ಟಿಲು. ಅವ್ವ ಹತ್ತಲಿಲ್ಲ, 140 ಅಡಿಯ ಮುರುಗನ ಮೂರ್ತಿಯ ಕೆಳಗೆ ಕೂತು ಕೈ ಮುಗಿದಳು. ಅವಸರ ಇಲ್ಲದ್ದರಿಂದ ಅವಳ ಪಕ್ಕ ಒಂದು ಗಂಟೆ ಕೂರೋಕೆ ನನಗೂ ಆಯಿತು.

ಮೂರನೇ ದಿನ ಸೆಂಟ್ರಲ್ ಮಾರ್ಕೆಟ್‌ಗೆ ಹೋದೆವು. ಒಂದು ಅಂಗಡಿಯಲ್ಲಿ ಸೊಂಗ್ಕೆಟ್ ಬಟ್ಟೆ ಇತ್ತು. ಅದು ಮಲಯ ಜನರ ಜರಿ ನೇಯ್ಗೆ, ಚಿನ್ನದ ಬಣ್ಣದ ಎಳೆಯನ್ನು ಹೊಕ್ಕಿನ ಜೊತೆ ಹೆಚ್ಚಿಗೆ ಸೇರಿಸಿ ಹೂವು ತೆಗೆಯುತ್ತಾರೆ. ಅಪ್ಪ ಮೊದಲು ಮಾಡಿದ್ದು ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದ್ದು. ಹೆಬ್ಬೆರಳಿನಿಂದ ಎಳೆ ಎಳೆಯಾಗಿ ಸವರಿದರು. "ಮುಂದಿನ ಮಗ್ಗಲ ಎಲ್ಲಾರೂ ನೋಡ್ತಾರ. ಹಿಂದ ನೋಡಿದ್ರ ನೇಯ್ದಾವನ ಕೈ ಗೊತ್ತಾಕ್ಕೈತಿ" ಅಂದರು. ಅಂಗಡಿಯ ಹೆಂಗಸಿಗೆ ಕನ್ನಡ ಬರಲ್ಲ, ಅಪ್ಪನಿಗೆ ಮಲಯ ಬರಲ್ಲ. ಅಪ್ಪ ಗಾಳಿಯಲ್ಲೇ ಲಾಳಿ ಎಸೆದು ತೋರಿಸಿದರು. ಆಕೆ ನಕ್ಕು, ಬೆರಳಿನಿಂದ ಎಳೆ ಎತ್ತುವ ರೀತಿ ತೋರಿಸಿದಳು. ನಲವತ್ತು ನಿಮಿಷ ಅಲ್ಲೇ ನಿಂತಿದ್ದರು. ನನ್ನ ಮೊದಲಿನ ನೋಟ್‌ಬುಕ್ ಪ್ರಕಾರ ಆ ಹೊತ್ತಿಗೆ ನಾವು ಸಿಂಗಾಪುರದ ಏರ್‌ಪೋರ್ಟ್ ಸಾಲಿನಲ್ಲಿ ಇರಬೇಕಿತ್ತು.

ಹಾಗಾಗಿ ನನ್ನ ಮಾತು ಕೇಳಿದರೆ, ಒಂದೇ ದೇಶ, ಒಂದೇ ಊರು, ಹೆಚ್ಚೆಂದರೆ ಎರಡು. ಹುಬ್ಬಳ್ಳಿಯಿಂದ ಕೊನೆಯ ತನಕ ಒಂದೇ ಪಿಎನ್‌ಆರ್. ಅದು ಸಿಗದಿದ್ದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ಧಾರವಾಡದಿಂದ ಹೊರಡುವ ವಂದೇ ಭಾರತ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಯಶವಂತಪುರದಲ್ಲಿ ಇಳಿದರೆ ಏರ್‌ಪೋರ್ಟ್ ಕಡೆ ಹೋಗೋಕೆ ಅನುಕೂಲ. ಅಲ್ಲೇ ಎಲ್ಲಾದರೂ ರಾತ್ರಿ ಮಲಗಿ. ಆ ಒಂದು ರಾತ್ರಿಯ ಖರ್ಚನ್ನು ದಂಡ ಅಂದುಕೊಳ್ಳಬೇಡಿ, ಅಪ್ಪ-ಅಮ್ಮ ನಿದ್ದೆ ಮಾಡಿ ವಿಮಾನ ಹತ್ತುತ್ತಾರೆ.

ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಬೆಳಗ್ಗೆ ಏಳಕ್ಕೆ ಬಸ್ ಹತ್ತಿಸಿ ರಾತ್ರಿ ಒಂಬತ್ತಕ್ಕೆ ಇಳಿಸುವ ಪ್ಯಾಕೇಜ್ ವಯಸ್ಸಾದವರಿಗೆ ಆಗಲ್ಲ. ಆದರೂ ತೊಗೊಳ್ಳೋದಾದರೆ ಒಂದು ಗೊತ್ತಿರಲಿ. ವಿದೇಶಿ ಪ್ಯಾಕೇಜ್‌ಗೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಅದು ಪ್ಯಾನ್ ಲೆಕ್ಕಕ್ಕೆ ಜಮಾ ಆಗುತ್ತದೆ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಅದಕ್ಕೆ ರಿಟರ್ನ್ಸ್ ಹಾಕುವವರ ಹೆಸರಿನಲ್ಲೇ ಬುಕ್ ಮಾಡಿ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು. ಇಂಥ ನಿಯಮ ಬದಲಾಗುತ್ತಿರುತ್ತವೆ, ಬುಕ್ ಮಾಡುವ ದಿನ ಆಯಾ ದೇಶದ ಸರ್ಕಾರಿ ಸೈಟ್‌ನಲ್ಲಿ ಇನ್ನೊಮ್ಮೆ ನೋಡಿ. ನೀವು ಹೇಳಿದ ಮೂರೂ ದೇಶಕ್ಕೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರಿ ಸೈಟ್ ಅಲ್ಲ. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಕಡೆ ಇನಿಷಿಯಲ್, ಅಡ್ಡಹೆಸರು ಹಿಂದೆ ಮುಂದೆ ಆಗೋದು ಜಾಸ್ತಿ. ಸಿಂಗಾಪುರಕ್ಕೆ ಹೋಗೋದಾದರೆ ಅಮ್ಮ ಕಟ್ಟಿಕೊಡುವ ತಿಂಡಿಯಲ್ಲಿ ಗಸಗಸೆ ಇಲ್ಲ ಅಂತ ನೋಡಿಕೊಳ್ಳಿ. ತಂಬಾಕು ಗುಟ್ಕಾ ಅಂತೂ ಬೇಡ. ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಡಿ.

ಟಿಕೆಟ್ ದುಡ್ಡು ಕಟ್ಟುವ ಮುಂಚೆ ಆ ಪುಟದ ಸ್ಕ್ರೀನ್‌ಶಾಟ್ ಹಾಕಿ, ಹೆಸರು, ಪಾಸ್‌ಪೋರ್ಟ್ ನಂಬರ್ ಮುಚ್ಚಿ. ಅದು ಒಂದು ಟಿಕೆಟ್ಟೋ ಎರಡೋ ಅಂತ ನಾನು ನೋಡಿ ಹೇಳುತ್ತೇನೆ. ಸಂಜೆ ಸ್ಕೂಲಿಂದ ಬಂದ ಮೇಲೆ ಖಂಡಿತ ಉತ್ತರ ಕೊಡುತ್ತೇನೆ.